ಒಂದೇ ತಂತ್ರಾಂಶ, ಹಲವು ದತ್ತಸಂಚಯಗಳು

ಪುಣೆ ಜಿಲ್ಲೆಯ ಮಾವಳ ತಾಲ್ಲೂಕಿನಲ್ಲಿರುವ ತಳೇಗಾಂವ ದಾಭಾಡೆಗೆ ಆ ಹೆಸರು ಬಂದುದು ಮರಾಠಾ ಸೇನಾಪತಿಗಳಾಗಿದ್ದ ದಾಭಾಡೆ ಮನೆತನದಿಂದ. ಪೈಸಾ ಫಂಡ್ ಗಾಜಿನ ಕಾರ್ಖಾನೆಯು 1908ರಲ್ಲಿ ಸ್ಥಾಪಿತವಾದುದು ಇಲ್ಲಿಯೇ. ಇಂತಹ ಊರಿನ ವಾಚನಾಲಯವೊಂದು ತನ್ನ ಸಂಗ್ರಹದ ಸೂಚಿಯನ್ನು ಗಣಕಯಂತ್ರದಲ್ಲಿ ಸಿದ್ಧಪಡಿಸಲು ಹೊರಟಿದೆಯೆಂದು ಭಾವಿಸೋಣ. ಅಲ್ಲಿ ಮರಾಠಿ, ಕನ್ನಡ ಮತ್ತು ಇಂಗ್ಲಿಷ್ ಪುಸ್ತಕಗಳಿವೆ. ಮೋಡಿ ಲಿಪಿಯ ಹಳೆಯ ಕಾಗದಗಳಿವೆ. ಊರಿನ ಛಾಯಾಚಿತ್ರಗಳೂ ಇವೆ.

ಪುಸ್ತಕವನ್ನು ವರ್ಣಿಸಲು ಲೇಖಕ, ಶೀರ್ಷಿಕೆ, ಪ್ರಕಾಶಕ, ಪುಟಸಂಖ್ಯೆಗಳು ಬೇಕು. ಮೋಡಿ ಕಾಗದಕ್ಕೆ ಪ್ರಕಾಶಕರೇ ಇಲ್ಲ. ಬರೆದವರು ಯಾರು, ಯಾರಿಗೆ ಬರೆದರು, ತಿಥಿ ಯಾವುದು, ಹಾಳೆ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ದಾಖಲಿಸಬೇಕು. ಮೂರು ಬಗೆಯ ಸಾಮಗ್ರಿಗೂ ಒಂದೇ ನಮೂನೆಯನ್ನು ಬಳಸಿದರೆ, ಮುಖ್ಯ ವಿವರಗಳು ಒಂದೋ ಬಿಟ್ಟುಹೋಗುತ್ತವೆ, ಇಲ್ಲವೇ ಸಲ್ಲದ ಅಂಕಣವನ್ನು ಸೇರುತ್ತವೆ. ಆದುದರಿಂದ ಪ್ರತಿಯೊಂದಕ್ಕೂ ಪ್ರತ್ಯೇಕ ದತ್ತಸಂಚಯ ಮತ್ತು ಅದಕ್ಕೆ ತಕ್ಕ ಪ್ರತ್ಯೇಕ ಹೊಂದಾಣಿಕೆಗಳು ಅಗತ್ಯ.

ಹೊಂದಾಣಿಕೆಗಳ ಸ್ವರೂಪ

ಈ ತತ್ತ್ವವನ್ನು ಸ್ಪಷ್ಟವಾಗಿ ತೋರಿಸಿದ ತಂತ್ರಾಂಶ ಯುನೆಸ್ಕೊ ಸಂಸ್ಥೆಯ ಸಿಡಿಎಸ್-ಐಸಿಸ್. ಸಣ್ಣ ಗಣಕಯಂತ್ರಗಳಿಗಾಗಿ ಅದರ ಆವೃತ್ತಿಯು 1985ರಲ್ಲಿ ಹೊರಬಂದಿತು. ಭಾರತದಲ್ಲಿ ಅದನ್ನು ಗ್ರಂಥಾಲಯಗಳಿಗೆ ತಲುಪಿಸಿದುದು ಕೇಂದ್ರ ಸರ್ಕಾರದ ನಿಸ್ಸಾಟ್ ಕಾರ್ಯಕ್ರಮ. ಎಸ್. ಆರ್. ರಂಗನಾಥನ್ ಅವರು 1962ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಪ್ರಲೇಖನ ಸಂಶೋಧನ ಮತ್ತು ತರಬೇತಿ ಕೇಂದ್ರವೂ ಇದರ ಬಳಕೆಯಲ್ಲಿ ತರಬೇತಿ ನೀಡಿತು.

ಈ ತಂತ್ರಾಂಶದಲ್ಲಿ ಒಂದು ದತ್ತಸಂಚಯಕ್ಕೆ ಸೇರಿದ ಕಡತಗಳೆಲ್ಲವೂ ಅದರ ಹೆಸರನ್ನೇ ಹೊತ್ತಿರುತ್ತವೆ. ಹೆಸರಿನ ಕೊನೆಯ ಮೂರು ಅಕ್ಷರಗಳು ಮಾತ್ರ ಬೇರೆ. ಎಫ್‌ಡಿಟಿ ಕಡತವು ಯಾವ ಅಂಕಣಗಳಿವೆ ಎಂಬುದನ್ನು ಹೇಳುತ್ತದೆ. ಪಿಎಫ್‌ಟಿ ಕಡತವು ದಾಖಲೆಯು ತೆರೆಯ ಮೇಲೆ ಹೇಗೆ ಕಾಣಬೇಕೆಂಬುದನ್ನೂ, ಎಫ್‌ಎಸ್‌ಟಿ ಕಡತವು ಯಾವ ಅಂಕಣಗಳಿಂದ ಹುಡುಕುಪದಗಳನ್ನು ಆಯಬೇಕೆಂಬುದನ್ನೂ ಗೊತ್ತುಪಡಿಸುತ್ತವೆ. ಹುಡುಕುವಾಗ ಬಿಟ್ಟುಬಿಡಬೇಕಾದ ಪದಗಳ ಪಟ್ಟಿ ಎಸ್‌ಟಿಡಬ್ಲ್ಯು ಕಡತದಲ್ಲಿರುತ್ತದೆ. ಇವುಗಳಲ್ಲದೆ ಪಿಎಆರ್ ಎಂಬ ಕಡತವೊಂದನ್ನು ಬರೆದಿಟ್ಟರೆ, ಆ ದತ್ತಸಂಚಯದ ಕಡತಗಳು ಡಿಸ್ಕಿನ ಯಾವ ಭಾಗದಲ್ಲಿವೆ ಎಂಬುದು ತಂತ್ರಾಂಶಕ್ಕೆ ತಿಳಿಯುತ್ತದೆ. ಇಡೀ ವ್ಯವಸ್ಥೆಗೆ ಸಂಬಂಧಿಸಿದ ಸಾಮಾನ್ಯ ಹೊಂದಾಣಿಕೆಗಳು ಸಿಸ್‌ಪಾರ್ ಎಂಬ ಬೇರೊಂದು ಕಡತದಲ್ಲಿರುತ್ತವೆ.

ಒಂದರದನ್ನು ಇನ್ನೊಂದಕ್ಕೆ ಬಳಸಿದರೆ

ಇಂಗ್ಲಿಷ್ ಪುಸ್ತಕಗಳ ಬಿಡುಪದಗಳ ಪಟ್ಟಿಯಲ್ಲಿ 'ಆರ್' ಎಂಬ ಕ್ರಿಯಾಪದ ಇರುವುದು ಸಹಜ. ಕನ್ನಡ ಶೀರ್ಷಿಕೆಗಳನ್ನು ರೋಮನ್ ಲಿಪಿಯಲ್ಲಿ ನಮೂದಿಸಿದ ದತ್ತಸಂಚಯಕ್ಕೂ ಅದೇ ಪಟ್ಟಿಯನ್ನು ಕೊಟ್ಟರೆ, ಬಂಡೆ ಅಥವಾ ಅರ್ಧ ಎಂಬ ಅರ್ಥದ 'ಅರೆ' ಪದವು ಸೂಚಿಯಿಂದ ಮಾಯವಾಗುತ್ತದೆ. ಏಕೆಂದರೆ ರೋಮನ್ ಲಿಪಿಯಲ್ಲಿ ಇವೆರಡರ ಕಾಗುಣಿತವೂ ಒಂದೇ. ತಂತ್ರಾಂಶವು ಯಾವ ಎಚ್ಚರಿಕೆಯನ್ನೂ ನೀಡುವುದಿಲ್ಲ. ಪುಸ್ತಕವು ಕಪಾಟಿನಲ್ಲಿಯೇ ಇದ್ದರೂ ಆ ಪದದಿಂದ ಹುಡುಕಿದ ಓದುಗನು ಬರಿಗೈಯಲ್ಲಿ ಹಿಂದಿರುಗುತ್ತಾನೆ.

ಭಾರತೀಯ ಲಿಪಿಗಳ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಪುಣೆಯ ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ತಂತ್ರಜ್ಞಾನ ಮತ್ತು 1991ರ ಇಸ್ಕಿ ಮಾನಕದಿಂದ ಸಣ್ಣ ಗಣಕಯಂತ್ರಗಳಲ್ಲಿ ಕನ್ನಡ, ಮರಾಠಿಗಳ ಬಳಕೆ ಸಾಧ್ಯವಾಯಿತು. ಆದರೆ ಯಾವ ಸಂಕೇತಗಳು ಅಕ್ಷರಗಳು, ಯಾವುವು ಪದಗಳ ನಡುವಿನ ತೆರಪು ಎಂಬುದನ್ನು ತಂತ್ರಾಂಶಕ್ಕೆ ಅಕ್ಷರಪಟ್ಟಿಯೊಂದು ತಿಳಿಸಬೇಕಾಗಿತ್ತು. ಇಂಗ್ಲಿಷ್ ಅಕ್ಷರಗಳನ್ನಷ್ಟೇ ಬಲ್ಲ ಪಟ್ಟಿಯು ಕನ್ನಡದ ಇಡೀ ಪದವನ್ನು ತೆರಪೆಂದೇ ಎಣಿಸುತ್ತದೆ. ಆದ್ದರಿಂದ ಭಾಷೆಗೆ ತಕ್ಕ ಅಕ್ಷರಪಟ್ಟಿಯನ್ನು ಆರಿಸಿಕೊಳ್ಳುವುದು ಅನಿವಾರ್ಯವಾಗಿತ್ತು.

ಕನ್ನಡವೂ ಸೇರಿದಂತೆ ಭಾರತೀಯ ಲಿಪಿಗಳಿಗೆ ಯೂನಿಕೋಡ್‌ನಲ್ಲಿ ಸ್ಥಾನವಿರುವುದರಿಂದ ಈ ಕೊನೆಯ ತೊಡಕು ಇಂದು ಬಹುಮಟ್ಟಿಗೆ ಪರಿಹಾರವಾಗಿದೆ. ಮೂಲತತ್ತ್ವವು ಮಾತ್ರ ಬದಲಾಗಿಲ್ಲ. ಉಚಿತವಾಗಿ ದೊರೆಯುವ ಕೋಹಾ ತಂತ್ರಾಂಶದಲ್ಲಿಯೂ ಸಾಮಗ್ರಿಯ ಬಗೆಗೆ ತಕ್ಕಂತೆ ಪ್ರತ್ಯೇಕ ಸೂಚೀಕರಣ ಚೌಕಟ್ಟುಗಳನ್ನು ರೂಪಿಸಿಕೊಳ್ಳಬಹುದು.

ಹೊಂದಾಣಿಕೆಗಳ ರಕ್ಷಣೆ

ಹಳೆಯ ದತ್ತಸಂಚಯವನ್ನು ಹೊಸ ತಂತ್ರಾಂಶಕ್ಕೆ ವರ್ಗಾಯಿಸುವಾಗ ಹೊಂದಾಣಿಕೆಗಳ ಬೆಲೆ ತಿಳಿಯುತ್ತದೆ. ಐಸಿಸ್ ದಾಖಲೆಗಳಲ್ಲಿ ಅಂಕಣಗಳಿಗೆ ಹೆಸರಿರುವುದಿಲ್ಲ, ಸಂಖ್ಯೆಗಳಷ್ಟೇ ಇರುತ್ತವೆ. ಯುನೆಸ್ಕೊ ಒದಗಿಸಿದ ಮಾದರಿ ದತ್ತಸಂಚಯದಲ್ಲಿ 24 ಎಂದರೆ ಶೀರ್ಷಿಕೆ, 70 ಎಂದರೆ ಲೇಖಕ. ಮಾರ್ಕ್ ಪದ್ಧತಿಯಲ್ಲಿ ಶೀರ್ಷಿಕೆಗೆ 245 ಎಂಬ ಸಂಖ್ಯೆಯಿದೆ. ತನ್ನದೇ ಸಂಖ್ಯೆಗಳನ್ನು ಗೊತ್ತುಮಾಡಿಕೊಂಡ ವಾಚನಾಲಯವು ಎಫ್‌ಡಿಟಿ ಕಡತವನ್ನು ಕಳೆದುಕೊಂಡರೆ, ಮೋಡಿ ಪತ್ರವೊಂದರ ದಾಖಲೆಯಲ್ಲಿರುವ ಎರಡು ಹೆಸರುಗಳಲ್ಲಿ ಬರೆದವರದು ಯಾವುದು, ಪಡೆದವರದು ಯಾವುದು ಎಂದು ನಿರ್ಧರಿಸಲು ಮತ್ತೆ ಮೂಲ ಕಾಗದವನ್ನೇ ಓದಬೇಕಾಗುತ್ತದೆ. ಆ ವೇಳೆಗೆ ಕಾಗದವು ಜೀರ್ಣವಾಗಿದ್ದರೆ ಅದೂ ಸಾಧ್ಯವಿಲ್ಲ.

ಆದುದರಿಂದ ಗ್ರಂಥಪಾಲಕರು ಕೆಲವು ಕ್ರಮಗಳನ್ನು ತಪ್ಪದೆ ಅನುಸರಿಸುವುದು ಒಳಿತು. ಪ್ರತಿ ದತ್ತಸಂಚಯವನ್ನೂ ಅದರ ಹೊಂದಾಣಿಕೆ ಕಡತಗಳೊಡನೆ ಪ್ರತ್ಯೇಕ ಕೋಶದಲ್ಲಿ ಇರಿಸಬೇಕು. ಯಾವುದೇ ಬದಲಾವಣೆಯನ್ನು ಮೊದಲು ನಕಲು ಪ್ರತಿಯಲ್ಲಿ ಪರೀಕ್ಷಿಸಿ, ಗೊತ್ತಿರುವ ಕೆಲವು ಪುಸ್ತಕಗಳು ಹುಡುಕಿದಾಗ ದೊರೆಯುತ್ತವೆಯೇ ಎಂದು ನೋಡಬೇಕು. ದತ್ತಾಂಶದ ರಕ್ಷಾಪ್ರತಿಯನ್ನು ತೆಗೆಯುವಾಗ ಹೊಂದಾಣಿಕೆಗಳನ್ನೂ ಸೇರಿಸಬೇಕು. ಅಂಕಣಗಳ ಸಂಖ್ಯೆ ಮತ್ತು ಅರ್ಥಗಳ ಪಟ್ಟಿಯೊಂದನ್ನು ಕಾಗದದ ಮೇಲೆ ಬರೆದು ದಾಖಲಾತಿ ಪುಸ್ತಕದೊಡನೆ ಇಡಬೇಕು.

ಓದುಗನ ಸಮಯವನ್ನು ಉಳಿಸಬೇಕೆಂಬುದು ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಪಂಚಸೂತ್ರಗಳಲ್ಲಿ ನಾಲ್ಕನೆಯದು. ಓದುಗನ ಕಣ್ಣಿಗೆ ಎಂದೂ ಬೀಳದ ಈ ಸಣ್ಣ ಕಡತಗಳು ಆ ಸೂತ್ರವನ್ನೇ ಪಾಲಿಸುತ್ತವೆ.