ಮಗುವಿನ ತೂಕ ‘15ನೇ ಪರ್ಸೆಂಟೈಲ್’ ಅಂದರೇನು?

ಪ್ರಶ್ನೆ: ನನ್ನ ಮಗಳಿಗೆ ಹೋದ ವಾರ ಎರಡು ವರ್ಷ ತುಂಬಿತು. ತೂಕ 10.1 ಕೆ.ಜಿ. ಡಾಕ್ಟರು ಚಾರ್ಟ್ ನೋಡಿ ‘15ನೇ ಪರ್ಸೆಂಟೈಲ್, ಪರವಾಗಿಲ್ಲ’ ಅಂದರು. ನೂರಕ್ಕೆ ಹದಿನೈದು ಬಂದರೆ ಪರವಾಗಿಲ್ಲ ಅನ್ನುವುದು ಹೇಗೆ? ಒಂದು ವರ್ಷಕ್ಕೆ 7.9, ಒಂದೂವರೆ ವರ್ಷಕ್ಕೆ 9 ಕೆ.ಜಿ. ಇದ್ದಳು. ಆಟ, ಓಡಾಟ, ಮಾತು ಎಲ್ಲ ಚೆನ್ನಾಗಿದೆ. ಅತ್ತೆಯವರು ‘ಮಗೂಗೆ ಸರಿಯಾಗಿ ಉಣಿಸ್ತಿಲ್ಲ ನೀನು’ ಅಂತಾರೆ. ತಟ್ಟೆ ಹಿಡಿದು ಅವಳ ಹಿಂದೆ ಓಡುವುದೇ ಆಗಿದೆ, ಅವಳು ಬಾಯಿ ಬಿಗಿಹಿಡಿಯುತ್ತಾಳೆ.
– ಹೆಸರು ಬೇಡ, ಹಾಸನ

ಉತ್ತರ: ಮೊದಲು ಆ ತಟ್ಟೆ ಕೆಳಗಿಡಿ, ಅಮ್ಮ. ನಿಮ್ಮ ಮಗಳು ಯಾವ ಪರೀಕ್ಷೆಯಲ್ಲೂ ಹದಿನೈದು ಅಂಕ ತೆಗೆದಿಲ್ಲ.

ಶೇಕಡಾ ಎಂದರೆ ಪಾಲಿನ ಲೆಕ್ಕ. ಪರ್ಸೆಂಟೈಲ್ ಎಂದರೆ ಸಾಲಿನಲ್ಲಿ ನಿಂತ ಜಾಗ. ಎರಡು ವರ್ಷದ ನೂರು ಆರೋಗ್ಯವಂತ ಹೆಣ್ಣುಮಕ್ಕಳನ್ನು, ಎಲ್ಲರಿಗಿಂತ ಹಗುರದವಳಿಂದ ಶುರುಮಾಡಿ, ಸಾಲಾಗಿ ನಿಲ್ಲಿಸಿ. ನಿಮ್ಮವಳು ಹದಿನೈದನೆಯವಳ ಆಸುಪಾಸಿನಲ್ಲಿ ನಿಲ್ಲುತ್ತಾಳೆ. ಅವಳಿಗಿಂತ ಹಗುರವಾದವರೂ ಆರೋಗ್ಯವಂತರೇ. ಸಾಲು ಅಂದಮೇಲೆ ಆ ಜಾಗದಲ್ಲೂ ಯಾರೋ ಒಬ್ಬರು ನಿಲ್ಲಲೇಬೇಕು. ನಟ್ಟನಡುವೆ ನಿಲ್ಲುವ ಮಗುವಿನ ತೂಕ 11.5 ಕೆ.ಜಿ. ನಿಮ್ಮ ಮಗಳ 10.1 ಅದರ ಶೇಕಡಾ ಎಷ್ಟು? ಸುಮಾರು 88! ಅದೇ ಮಗು, ಅದೇ ತಕ್ಕಡಿ, ಎರಡು ಲೆಕ್ಕ.

ಅತ್ತೆಯವರನ್ನು ದೂರಬೇಡಿ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ 1972ರಲ್ಲಿ ಗೊತ್ತುಮಾಡಿದ್ದ ಕ್ರಮ ಶೇಕಡಾವಾರು ಇತ್ತು. ಪ್ರಮಾಣಿತ ತೂಕದ ಶೇ 80ಕ್ಕಿಂತ ಹೆಚ್ಚಿದ್ದರೆ ಸರಿ, ಶೇ 50ಕ್ಕೆ ಇಳಿದರೆ ನಾಲ್ಕನೇ ಗ್ರೇಡಿನ ಅಪೌಷ್ಟಿಕತೆ. ಆ ಲೆಕ್ಕ ಕೇಳಿ ಬೆಳೆದವರಿಗೆ ‘ಹದಿನೈದು’ ಎಂದರೆ ಎದೆ ಧಸಕ್ಕೆನ್ನದೆ ಇರುತ್ತದೆಯೇ? ಈಗಿನ ಚಾರ್ಟ್ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದದ್ದು. ಆರು ದೇಶಗಳ ಸುಮಾರು 8,500 ಮಕ್ಕಳನ್ನು ಅಳೆದು ಮಾಡಿದ ಅಧ್ಯಯನದ ಫಲ. ನಮ್ಮ ದೆಹಲಿಯ ಮಕ್ಕಳೂ ಅದರಲ್ಲಿದ್ದರು.

ನಾನು ನಿಮ್ಮ ಪತ್ರದಲ್ಲಿ ಎರಡೆರಡು ಸಲ ಓದಿದ್ದು ಹಳೆಯ ತೂಕಗಳನ್ನು. 7.9, 9, 10.1: ಮೂರೂ ಚುಕ್ಕೆ ಒಂದೇ ಗೆರೆಯ ಮೇಲೆ, 15ನೇ ಪರ್ಸೆಂಟೈಲಿನ ಗೆರೆಯ ಮೇಲೆ ಬೀಳುತ್ತವೆ. ಮಗು ತನ್ನ ದಾರಿ ಹಿಡಿದು ಬೆಳೆಯುತ್ತಿದೆ. ಇದೇ ಮಗು ವರ್ಷದ ಹಿಂದೆ 8.9 ಕೆ.ಜಿ. ಇದ್ದಿದ್ದರೆ, ಅಂದರೆ 50ನೇ ಗೆರೆಯಿಂದ ಜಾರಿ ಇಲ್ಲಿಗೆ ಬಂದಿದ್ದರೆ, ನಾನು ಸುಮ್ಮನಿರುತ್ತಿರಲಿಲ್ಲ. ಊಟ, ಭೇದಿ, ರಕ್ತಹೀನತೆ ಎಲ್ಲ ವಿಚಾರಿಸುತ್ತಿದ್ದೆ. 85ರಿಂದ 50ಕ್ಕೆ ಇಳಿಯುತ್ತಿರುವ ಗುಂಡುಗುಂಡಾದ ಮಗುವನ್ನು ಯಾರೂ ನನ್ನ ಹತ್ತಿರ ತರುವುದಿಲ್ಲ ಎಂಬುದೇ ನನ್ನ ಚಿಂತೆ. 97ನೇ ಪರ್ಸೆಂಟೈಲ್ ಅಂದರೆ ಡಿಸ್ಟಿಂಕ್ಷನ್ ಅಂದುಕೊಂಡು ಖುಷಿಪಡುವವರೂ ಇದ್ದಾರೆ. ಅಲ್ಲಿ ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ನೋಡಬೇಕು.

ಬಲವಂತದ ತುತ್ತು ಬೇಡ. ಹಸಿವಾಗಲು ಬಿಡಿ. ಹಾಲು ದಿನಕ್ಕೆ ಅರ್ಧ ಲೀಟರು ದಾಟಿದರೆ ಊಟಕ್ಕೆ ಹೊಟ್ಟೆಯಲ್ಲಿ ಜಾಗವಿರುವುದಿಲ್ಲ. ಮುದ್ದೆಗೆ ತುಪ್ಪ, ಬೇಳೆ, ತಿನ್ನುವವರಾದರೆ ಮೊಟ್ಟೆ. ಎಲ್ಲರ ಜೊತೆ ಕೂತು ತಾನೇ ಕೈಹಾಕಿ ತಿನ್ನಲಿ, ಚೆಲ್ಲಿದರೂ ಚಿಂತೆಯಿಲ್ಲ. ಮೂರು ತಿಂಗಳ ನಂತರ ಅದೇ ತಕ್ಕಡಿಯಲ್ಲಿ ತೂಗಿಸಿ, ಎತ್ತರವನ್ನೂ ಅಳೆಸಿ. ಆ ದಿನ ತಾಯಿ ಕಾರ್ಡಿನ ಜೊತೆ ಅತ್ತೆಯವರನ್ನೂ ಕರೆದುಕೊಂಡು ಹೋಗಿ, ಚುಕ್ಕೆಗಳನ್ನು ಸೇರಿಸಿ ಗೆರೆ ಎಳೆದು ತೋರಿಸಲು ಡಾಕ್ಟರನ್ನೇ ಕೇಳಿ.