ಕೂದಲು ಉದುರುವ ತಿಂಗಳುಗಳ ಬಜೆಟ್

ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಬೆಂಗಳೂರಿನ ಖಾಸಗಿ ಆಸ್ಪತ್ರೆಗಳಲ್ಲಿ ಸುಮಾರು 3ರಿಂದ 5 ಲಕ್ಷ ರೂಪಾಯಿ ಆಗುತ್ತದೆ. ಹೊಸೂರಿನ ಆಚೆಯ ಉದ್ದನಪಲ್ಲಿ, ರಾಯಕೋಟೆ, ಕೆಲಮಂಗಲದ ಕಡೆಯವರಿಗೂ ಹೊಸೂರು ದಾಟಿದರೆ ಬೆಂಗಳೂರೇ ಹತ್ತಿರ. ಆ ದೊಡ್ಡ ಮೊತ್ತವನ್ನು ವಿಮೆಯಿಂದಲೋ ಸಾಲದಿಂದಲೋ ಹೇಗೋ ಹೊಂದಿಸಿಕೊಳ್ಳುತ್ತೇವೆ. ಮುಂದಿನ ಒಂದು ವರ್ಷದ ಖರ್ಚನ್ನು ಮಾತ್ರ ಯಾರೂ ಬರೆದಿಟ್ಟುಕೊಳ್ಳುವುದಿಲ್ಲ. ಮೂರನೇ ತಿಂಗಳ ಹೊತ್ತಿಗೆ ಬಾಚಣಿಗೆ ತುಂಬ ಕೂದಲು ಬರತೊಡಗಿದಾಗ, ಹೆದರಿಕೆಯಲ್ಲಿ ಕಣ್ಣಿಗೆ ಬಿದ್ದ ಎಣ್ಣೆ, ಸೀರಮ್, ಗಮ್ಮಿ ಎಲ್ಲವೂ ಮನೆಗೆ ಬರುತ್ತವೆ. ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವಳಾಗಿ, ಆ ವರ್ಷದ ಬಿಲ್ಲುಗಳನ್ನು ಕೂಡಿ ನೋಡಿದವಳಾಗಿ ನಾನು ಹೇಳುವುದು ಇಷ್ಟು: ಈ ತಾತ್ಕಾಲಿಕ ಉದುರುವಿಕೆಗೆಂದು ಪ್ರತ್ಯೇಕ ದುಡ್ಡು ಸುರಿಯಬೇಕಾಗಿಲ್ಲ. ಅದನ್ನು ಊಟ, ವೈದ್ಯರು ಬರೆದ ಮಾತ್ರೆ ಮತ್ತು ರಕ್ತಪರೀಕ್ಷೆಗೆ ಮೊದಲೇ ಎತ್ತಿಡಬೇಕು. ಕೂದಲಿಗೂ ಅದರಿಂದಲೇ ಹೆಚ್ಚು ಉಪಯೋಗ.

ಹೀಗೇಕೆ ಎಂದು ತಿಳಿಯಲು ಕೂದಲಿನ ಲೆಕ್ಕ ನೋಡಬೇಕು. ತಲೆಯ ಮೇಲಿನ ಸುಮಾರು ಒಂದು ಲಕ್ಷ ಕೂದಲುಗಳಲ್ಲಿ ನೂರಕ್ಕೆ 85ರಿಂದ 90ರಷ್ಟು ಯಾವಾಗಲೂ ಬೆಳೆಯುತ್ತಿರುತ್ತವೆ, ಉಳಿದವು ವಿಶ್ರಾಂತಿಯಲ್ಲಿರುತ್ತವೆ. ದಿನಕ್ಕೆ 50ರಿಂದ 100 ಉದುರುವುದು ಸಹಜ. ಶಸ್ತ್ರಚಿಕಿತ್ಸೆಯ ಪೆಟ್ಟು, ಊಟ ಏಕಾಏಕಿ ಕಡಿಮೆಯಾಗುವುದು, ತೂಕ ಬೇಗ ಇಳಿಯುವುದು ಎಲ್ಲ ಒಟ್ಟಿಗೆ ಬಂದಾಗ, ದುಡಿಮೆ ಕುಸಿದ ಮನೆ ಸುಣ್ಣಬಣ್ಣವನ್ನು ಮುಂದಕ್ಕೆ ಹಾಕುವ ಹಾಗೆ, ದೇಹ ಕೂದಲು ಬೆಳೆಸುವ ಕೆಲಸವನ್ನು ಮುಂದಕ್ಕೆ ಹಾಕುತ್ತದೆ. ಬೆಳೆಯುತ್ತಿದ್ದ ಬಹಳಷ್ಟು ಕೂದಲು ಒಮ್ಮೆಗೇ ವಿಶ್ರಾಂತಿಗೆ ಸರಿಯುತ್ತವೆ. ಆ ವಿಶ್ರಾಂತಿ ಮೂರು ತಿಂಗಳಷ್ಟು ಇರುವುದರಿಂದ ಉದುರುವುದು ಮೂರು-ನಾಲ್ಕನೇ ತಿಂಗಳಲ್ಲಿ ಕಾಣಿಸುತ್ತದೆ. ವೈದ್ಯರು ಇದನ್ನು ಟೆಲೋಜೆನ್ ಎಫ್ಲುವಿಯಮ್ ಎನ್ನುತ್ತಾರೆ. ಮಗುವಿಗೆ ಮೂರು-ನಾಲ್ಕು ತಿಂಗಳಾದಾಗ ತಾಯಿಯ ಕೂದಲು ಉದುರುವುದೂ, ಟೈಫಾಯ್ಡ್, ಡೆಂಗಿ ವಾಸಿಯಾದ ಮೇಲೆ ಉದುರುವುದೂ ಇದೇ. 2021ರಲ್ಲಿ ಪ್ರಕಟವಾದ, 18 ಅಧ್ಯಯನಗಳನ್ನು ಒಟ್ಟುಗೂಡಿಸಿದ ಒಂದು ವಿಶ್ಲೇಷಣೆಯಲ್ಲಿ ಈ ಶಸ್ತ್ರಚಿಕಿತ್ಸೆ ಆದವರಲ್ಲಿ ನೂರಕ್ಕೆ 57 ಮಂದಿಗೆ ಕೂದಲು ಉದುರಿತ್ತು. ಹೆಚ್ಚಿನವರಲ್ಲಿ ಬೇರು ಸಾಯುವುದಿಲ್ಲ. ಕೆಲವು ತಿಂಗಳಲ್ಲಿ ಉದುರುವುದು ತಗ್ಗಿ, ತಿಂಗಳಿಗೆ ಒಂದು ಸೆಂಟಿಮೀಟರ್‌ನಂತೆ ಹೊಸ ಕೂದಲು ಬರುತ್ತದೆ.

ತನ್ನಷ್ಟಕ್ಕೇ ವಾಸಿಯಾಗುವ ತೊಂದರೆಗೆ ಯಾವ ಮದ್ದು ಹಚ್ಚಿದರೂ ಅದಕ್ಕೆ ಹೆಸರು ಬರುತ್ತದೆ. ನಾಲ್ಕನೇ ತಿಂಗಳಲ್ಲಿ ಕೊಂಡ ಸೀರಮ್ಮಿಗೆ ಎಂಟನೇ ತಿಂಗಳಲ್ಲಿ ಬಂದ ಕೂದಲಿನ ಕೀರ್ತಿ ಸಲ್ಲುತ್ತದೆ. ಅದೇ ಹೊತ್ತಿಗೆ ಏನೂ ಹಚ್ಚದವರ ತಲೆಯಲ್ಲೂ ಕೂದಲು ಬಂದಿರುತ್ತದೆ, ಆದರೆ ಅವರು ಜಾಹೀರಾತಿನಲ್ಲಿ ಬರುವುದಿಲ್ಲ. ನಮ್ಮ ಕಾನೂನಿಗೂ ಇದರ ಅರಿವಿದೆ. 1945ರ ಔಷಧ ನಿಯಮಗಳ ಷೆಡ್ಯೂಲ್ ಜೆಯಲ್ಲಿ ಬೊಕ್ಕತಲೆಯೂ ಹೊಸ ಕೂದಲು ಬೆಳೆಸುವುದೂ ಸೇರಿವೆ. ಆ ಪಟ್ಟಿಯಲ್ಲಿರುವುದನ್ನು ಗುಣಪಡಿಸುತ್ತೇವೆಂದು ಯಾವ ಔಷಧವೂ ಹೇಳಿಕೊಳ್ಳುವಂತಿಲ್ಲ. ತಲೆಗೆ ಎಣ್ಣೆ ಹಚ್ಚುವುದಕ್ಕೆ ನನ್ನ ತಕರಾರಿಲ್ಲ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನರ ಎಣ್ಣೆ ದೇಶವೆಲ್ಲ ಹೆಸರಾಗಿದೆ, ಇಷ್ಟವಿದ್ದವರು ಹಚ್ಚಿಕೊಳ್ಳಲಿ. ಆದರೆ ಈ ಉದುರುವಿಕೆ ಶುರುವಾಗಿರುವುದು ಮೈಗೆ ಬಿದ್ದ ಪೆಟ್ಟು ಮತ್ತು ಊಟದ ಕೊರತೆಯಿಂದ. ಸಾಲ ಮಾಡಿ ಬಾಟಲಿ ಕೊಂಡರೆ ಆ ಕೊರತೆ ತುಂಬುವುದಿಲ್ಲ. ನಮ್ಮದೇ ರಕ್ತದಿಂದ ತಯಾರಿಸಿ ತಲೆಗೆ ಕೊಡುವ, ಒಂದು ಸಲಕ್ಕೆ ಸಾವಿರಗಟ್ಟಲೆ ಕೇಳುವ ಪಿಆರ್‌ಪಿ ಚುಚ್ಚುಮದ್ದೂ ಈ ಹಂತದಲ್ಲಿ ಅವಸರದ ಖರ್ಚೇ.

ದುಡ್ಡು ಹೋಗಬೇಕಾದ ಮೊದಲ ಜಾಗ ಊಟ. ಶಸ್ತ್ರಚಿಕಿತ್ಸೆ ಆದವರಿಗೆ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕೆಂಬುದು ಸಾಮಾನ್ಯ ಸಲಹೆ. ನಮ್ಮ ರಾಗಿ 100 ಗ್ರಾಂ ಹಿಟ್ಟಿಗೆ 7 ಗ್ರಾಂ ಮಾತ್ರ ಕೊಡುತ್ತದೆ; ಕುಗ್ಗಿದ ಹೊಟ್ಟೆಗೆ ಮುದ್ದೆ ಮೊದಲು ಇಳಿದರೆ ಬೇರೆಯದಕ್ಕೆ ಜಾಗವೇ ಇರುವುದಿಲ್ಲ. ಎರಡು ಮೊಟ್ಟೆಗೆ 12 ಗ್ರಾಂ, ಅರ್ಧ ಲೀಟರ್ ಹಾಲು-ಮೊಸರಿಗೆ 16, ಐವತ್ತು ಗ್ರಾಂ ಹುರುಳಿಗೆ 11, ಮೂವತ್ತು ಗ್ರಾಂ ಸೋಯಾ ಚಂಕ್ಸಿಗೆ 15 ಗ್ರಾಂ. ಇಷ್ಟಕ್ಕೇ 54 ಗ್ರಾಂ ಆಯಿತು, ಬೇಳೆಯೋ ಕೋಳಿಯೋ ಉಳಿದದ್ದನ್ನು ತುಂಬುತ್ತದೆ. ದಿನಕ್ಕೆ 60 ರೂಪಾಯಿ ಹಿಡಿದರೂ ತಿಂಗಳಿಗೆ 1,800. ಗಟ್ಟಿ ಊಟ ಸೇರದ ಮೊದಲ ವಾರಗಳಲ್ಲಿ ಪ್ರೋಟೀನ್ ಪುಡಿ ಬೇಕಾಗುತ್ತದೆ, ಅದಕ್ಕೆ ಕೊಡುವ ದುಡ್ಡು ದಂಡವಲ್ಲ. ಮಾತ್ರೆಗಳಿಗೆ ತಿಂಗಳಿಗೆ 1,000, ವರ್ಷದಲ್ಲಿ ಮೂರು ಸಲದ ರಕ್ತಪರೀಕ್ಷೆಗೆ ತಲಾ 3,000 ಎಂದಿಟ್ಟುಕೊಂಡರೆ ಮೊದಲ ವರ್ಷಕ್ಕೆ ಸುಮಾರು 43,000 ರೂಪಾಯಿ. ಆಸ್ಪತ್ರೆಯ ಬಿಲ್ಲಿನ ಹತ್ತನೇ ಒಂದು ಪಾಲು. ಇದನ್ನು ದಾಖಲಾಗುವ ಮೊದಲೇ ಬೇರೆ ಖಾತೆಯಲ್ಲಿ ಇಡಬೇಕು.

ವಿಮೆ ಇದೆಯಲ್ಲ ಎನ್ನುವವರು ದಿನ ಎಣಿಸಿ ನೋಡಲಿ. ವಿಮಾ ಪ್ರಾಧಿಕಾರ 2019ರಲ್ಲಿ ಏಕರೂಪಗೊಳಿಸಿದ ಷರತ್ತಿನಂತೆ, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 40 ಅಥವಾ ಹೆಚ್ಚಿದ್ದರೆ, ಇಲ್ಲವೇ 35 ಅಥವಾ ಹೆಚ್ಚಿದ್ದು ಹತೋಟಿಗೆ ಬಾರದ ಮಧುಮೇಹದಂಥ ಗಂಭೀರ ಕಾಯಿಲೆಯಿದ್ದು ಬೇರೆ ದಾರಿಗಳು ಫಲಿಸದಿದ್ದರೆ, ವೈದ್ಯರ ಸಲಹೆಯ ಮೇಲೆ ಶಸ್ತ್ರಚಿಕಿತ್ಸೆಗೆ ಹಣ ಸಿಗಬಹುದು. ಆದರೆ ಮನೆಗೆ ಬಂದ ಮೇಲಿನ ಖರ್ಚಿಗೆ ಗಡುವಿದೆ. ಆರೋಗ್ಯ ಸಂಜೀವಿನಿ ಪಾಲಿಸಿಯಲ್ಲಿ ಅದು 60 ದಿನ. ಕೂದಲು ಉದುರುವುದು ಅದು ಮುಗಿದ ಮೇಲೆ. ವಿಟಮಿನ್ ಮಾತ್ರೆಗಳಿಗೂ, ಆಸ್ಪತ್ರೆ ವಾಸದ ಕ್ಲೇಮಿನ ಭಾಗವಾಗಿ ವೈದ್ಯರು ಬರೆದುಕೊಟ್ಟಿದ್ದರೆ ಹೊರತು, ಹಣ ಇಲ್ಲ. ಆದ್ದರಿಂದ ಡಿಸ್ಚಾರ್ಜ್ ಚೀಟಿಯಲ್ಲಿ ಪ್ರತಿ ಮಾತ್ರೆಯ ಹೆಸರು, ಪ್ರಮಾಣ ಬರೆಸಿಕೊಳ್ಳಿ, ಬಿಲ್ಲುಗಳನ್ನು ಗಡುವಿನೊಳಗೆ ಕಳಿಸಿ. ಮುಂದಿನ ತಿಂಗಳುಗಳಿಗೆ ಅವೇ ಮಾತ್ರೆಗಳು ಜನೌಷಧಿ ಕೇಂದ್ರದಲ್ಲಿ ಅಗ್ಗಕ್ಕೆ ಸಿಗುತ್ತವೆಯೇ ಎಂದು ವೈದ್ಯರನ್ನೇ ಕೇಳಿ.

ಕೂದಲಿಗೆಂದು ಮಾರುವ ಬಯೋಟಿನ್ ಎಂಬ ವಿಟಮಿನ್ ತಿಂದರೆ ನಷ್ಟವೇನು ಎಂಬ ಪ್ರಶ್ನೆ ನ್ಯಾಯವಾದದ್ದೇ. ಕೊರತೆ ಇಲ್ಲದವರಿಗೆ ಅದರಿಂದ ಕೂದಲು ಬೆಳೆಯುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಹೆಚ್ಚು ಪ್ರಮಾಣದ ಬಯೋಟಿನ್ ಥೈರಾಯ್ಡ್ ಪರೀಕ್ಷೆಯನ್ನೂ ಹೃದಯಾಘಾತ ಪತ್ತೆಹಚ್ಚುವ ಟ್ರೊಪೊನಿನ್ ಪರೀಕ್ಷೆಯನ್ನೂ ತಪ್ಪಾಗಿ ತೋರಿಸಬಲ್ಲದು ಎಂದು ಅಮೆರಿಕದ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ. ಕೂದಲಿನ ಗಮ್ಮಿಗಳಲ್ಲಿ ಇರಬಹುದಾದ ವಿಟಮಿನ್ ಎ, ಸೆಲೆನಿಯಮ್ ಅತಿಯಾದರೆ ಅವೇ ಕೂದಲು ಉದುರಿಸುತ್ತವೆ. ಸತು ಹೆಚ್ಚಾದರೆ ತಾಮ್ರದ ಕೊರತೆ ಬರುತ್ತದೆ.

ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ. ಮನೆಯಲ್ಲಿ ಮದುವೆ ಇದೆ, ಕೆಲಸಕ್ಕೆ ಹೋಗಬೇಕು, ಹೆಣ್ಣುಮಗಳು ತೆಳ್ಳಗಾದ ಜಡೆ ಹೊತ್ತು ಹೇಗೆ ಓಡಾಡುತ್ತಾಳೆ ಎನ್ನುತ್ತಾರೆ. ಆ ನೋವು ನಿಜವಾದದ್ದು, ಅದಕ್ಕೆ ದುಡ್ಡು ಖರ್ಚು ಮಾಡುವುದರಲ್ಲಿ ತಪ್ಪಿಲ್ಲ. ಕೂದಲನ್ನು ಗಿಡ್ಡ ಮಾಡಿಸಿ, ಬೈತಲೆ ಬದಲಿಸಿ, ಸವುರಿ ಕಟ್ಟಿ, ಹೂ ಮುಡಿಯಿರಿ. ಇವೆಲ್ಲ ಅಲಂಕಾರದ ಖರ್ಚು, ಅದಕ್ಕೊಂದು ಮಿತಿ ಹಾಕುವುದು ಸುಲಭ. ಅದೇ ಖರ್ಚು ಚಿಕಿತ್ಸೆಯ ಹೆಸರಿನಲ್ಲಿ ಬಂದರೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದಿಲ್ಲ.

ತಾತ್ಕಾಲಿಕ ಎಂದುಕೊಂಡು ಸುಮ್ಮನಿದ್ದು, ನಿಜವಾದ ಕಾಯಿಲೆ ತಪ್ಪಿಹೋದರೆ? ರಕ್ತಪರೀಕ್ಷೆಗೆ ದುಡ್ಡು ಎತ್ತಿಡಿ ಎನ್ನುವುದು ಇದೇ ಕಾರಣಕ್ಕೆ. ಆರು ತಿಂಗಳು ಕಳೆದ ಮೇಲೆ ಉದುರಲು ಶುರುವಾದರೆ, ವರ್ಷವಾದರೂ ನಿಲ್ಲದಿದ್ದರೆ, ಅಲ್ಲಲ್ಲಿ ಬೋಳು ಮಚ್ಚೆ ಕಂಡರೆ, ಜೊತೆಗೆ ಸುಸ್ತು, ಕಾಲು ಜುಮ್ಮೆನ್ನುವುದು, ಪದೇಪದೇ ವಾಂತಿ ಇದ್ದರೆ ಕಾಯಬೇಡಿ. ಫೆರಿಟಿನ್ (ದೇಹದಲ್ಲಿನ ಕಬ್ಬಿಣದ ಸಂಗ್ರಹ), ಸತು, ಫೋಲೇಟ್, ಬಿ12, ಥೈರಾಯ್ಡ್ ನೋಡಿಸಿ, ಶಸ್ತ್ರಚಿಕಿತ್ಸೆ ಮಾಡಿದ ತಂಡಕ್ಕೆ ತೋರಿಸಿ, ಅವರು ಹೇಳಿದರೆ ಚರ್ಮರೋಗ ತಜ್ಞರನ್ನು ಕಾಣಿ. ಪರೀಕ್ಷೆಯಲ್ಲಿ ಕೊರತೆ ಕಂಡರೆ ಅದಕ್ಕೆ ಕೊಡುವ ಪ್ರತಿ ರೂಪಾಯಿಯೂ ಸಾರ್ಥಕ. ಆ ದಿನ ಕೈಯಲ್ಲಿ ದುಡ್ಡಿರಬೇಕಾದರೆ ನಾಲ್ಕನೇ ತಿಂಗಳ ಗಾಬರಿಯಲ್ಲಿ ಅದು ಕರಗಿಹೋಗಿರಬಾರದು. ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡುತ್ತಿರುವ ಮನೆಯವರು ಈ ವಾರವೇ ಆ ಹತ್ತನೇ ಪಾಲನ್ನು ತೆಗೆದಿಡಿ, ಮೂರು ಪರೀಕ್ಷೆಗಳ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ.