ಬಲೆಗೆ ಬಿದ್ದದ್ದೆಲ್ಲ ಬುಟ್ಟಿಗಲ್ಲ



ಬಿಣಗಾದಂತಹ ಕಡಲೂರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರಂಪಣಿ ಬಲೆ ಎಳೆದಾಗ ಬಂಗುಡೆ, ತಾರ್ಲೆಯ ಜೊತೆಗೆ ತಿನ್ನಲಾಗದ್ದೂ ಕಸವೂ ದಡಕ್ಕೆ ಬರುತ್ತವೆ. ಬಲೆಗೆ ಬಿದ್ದಿತೆಂದು ಎಲ್ಲವನ್ನೂ ಯಾರೂ ಮನೆಗೆ ಒಯ್ಯುವುದಿಲ್ಲ, ಕುಳಿತು ಆರಿಸುತ್ತಾರೆ. ಪ್ರಭು ಯೇಸು ಈ ಕೆಲಸವನ್ನೇ ಸಾಮತಿಯಾಗಿ ಹೇಳಿದರು (ಮತ್ತಾಯ 13:47-48). ಆ ಸಾಮತಿ ಅಂತಿಮ ತೀರ್ಪನ್ನು ಕುರಿತದ್ದು. ಆದರೂ ಆರಿಸುವ ಆ ತಾಳ್ಮೆ ನಮ್ಮ ಮನಸ್ಸಿಗೆ ಪ್ರತಿದಿನ ಬೇಕು.

ಮನಸ್ಸಿಗೆ ಹಾನಿ ಎಂದೊಡನೆ ನಮಗೆ ಅಶ್ಲೀಲ ಚಿತ್ರಗಳು ನೆನಪಾಗುತ್ತವೆ. ಅವು ಹಾನಿಕರ ನಿಜ. ಆದರೆ ಕೆಡುಕು ಒಳ್ಳೆಯದರ ವೇಷದಲ್ಲೂ ಬರುತ್ತದೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವದಂತಿ ವಾಟ್ಸಾಪ್ ಮೂಲಕ ಊರೂರಿಗೆ ಹರಡಿತು. ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ, ಹೈದರಾಬಾದಿನಿಂದ ಬಂದ ಗೆಳೆಯರು ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕಲೇಟು ಕೊಟ್ಟರು. ಅಷ್ಟಕ್ಕೇ ಅನುಮಾನ ಹುಟ್ಟಿತು. ಅವರ ಕಾರಿಗಿಂತ ಮೊದಲೇ ಸಂದೇಶ ಮುರ್ಕಿ ಗ್ರಾಮವನ್ನು ತಲುಪಿತು. ಅಲ್ಲಿ ಜನ ಅವರ ಮೇಲೆ ಬಿದ್ದರು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಪ್ರಾಣ ಕಳೆದುಕೊಂಡರು. ಕಾಪಾಡಲು ಹೋದ ಪೊಲೀಸರೂ ಗಾಯಗೊಂಡರು.

ಮಕ್ಕಳ ರಕ್ಷಣೆ ಒಳ್ಳೆಯ ಆಸೆ. ಆದರೆ ಮನಸ್ಸಿಗೆ ಮೊದಲೇ ವಿಷ ಹತ್ತಿದ್ದರಿಂದ ಪ್ರೀತಿಯಿಂದ ಕೊಟ್ಟ ಚಾಕಲೇಟು ಅಪರಾಧವಾಗಿ ಕಂಡಿತು. ಕಣ್ಣು ದೇಹದ ದೀಪ ಎಂದು ಪ್ರಭು ಎಚ್ಚರಿಸಿದ್ದು ಇದನ್ನೇ (ಮತ್ತಾಯ 6:22-23). ಕೆಟ್ಟ ಪ್ರಭಾವ ಮನಸ್ಸಿನಲ್ಲಿ ಒಂದು ಯೋಚನೆಯನ್ನು ಸೇರಿಸಿ ಸುಮ್ಮನಾಗುವುದಿಲ್ಲ, ನೋಡುವ ದೃಷ್ಟಿಯನ್ನೇ ಬದಲಿಸುತ್ತದೆ. ಆದ್ದರಿಂದಲೇ 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥವು, ಸಾಕಷ್ಟು ಆಧಾರವಿಲ್ಲದೆ ನೆರೆಯವನ ದೋಷವನ್ನು ಮನಸ್ಸಿನೊಳಗೇ ನಿಜವೆಂದು ನಂಬುವುದನ್ನೂ ಎಂಟನೆಯ ಕಟ್ಟಳೆಗೆ ವಿರುದ್ಧವಾದ ಪಾಪವೆಂದು ಎಣಿಸುತ್ತದೆ.

ಹಾಗಾದರೆ ಆರಿಸುವುದು ಹೇಗೆ? ಲೊಯೋಲಾದ ಸಂತ ಇಗ್ನೇಷಿಯಸರು ದಾರಿ ತೋರಿಸುತ್ತಾರೆ. 1521ರಲ್ಲಿ ಪಾಂಪ್ಲೋನಾದ ಯುದ್ಧದಲ್ಲಿ ಫಿರಂಗಿ ಗುಂಡು ತಗುಲಿ ಅವರ ಕಾಲು ಮುರಿಯಿತು. ಹಾಸಿಗೆ ಹಿಡಿದಾಗ ವೀರರ ಕಥೆಗಳನ್ನು ಕೇಳಿದರು. ಸಿಕ್ಕಿದ್ದು ಕ್ರಿಸ್ತರ ಹಾಗೂ ಸಂತರ ಜೀವನಚರಿತ್ರೆ. ಲೋಕದ ಕೀರ್ತಿಯ ಕನಸು ಕಾಣುವಾಗ ಸಂತೋಷ, ಆಮೇಲೆ ಮನಸ್ಸು ಬರಡು. ಸಂತರಂತೆ ಬಾಳುವುದನ್ನು ನೆನೆದಾಗ ಆಗಲೂ ಸಂತೋಷ, ಆಮೇಲೂ ಶಾಂತಿ. ಈ ವ್ಯತ್ಯಾಸವೇ ಅವರಿಗೆ ವಿವೇಚನೆಯ ಮೊದಲ ಪಾಠವಾಯಿತು. ಯೋಚನೆ ಬರುವಾಗ ಎಷ್ಟು ಸಿಹಿ ಎಂದಲ್ಲ, ಹೋದ ಮೇಲೆ ಏನನ್ನು ಉಳಿಸಿತು ಎಂದು ನೋಡಬೇಕು.

ಕೆಟ್ಟದ್ದನ್ನು ಹೊರಹಾಕಿದರಷ್ಟೇ ಸಾಲದು. ಗುಡಿಸಿ ಖಾಲಿ ಬಿಟ್ಟ ಮನೆಗೆ ಒಂದು ದೆವ್ವದ ಬದಲು ಎಂಟು ಬಂದು ಸೇರಿದ ಕಥೆ ನಮಗೆ ಗೊತ್ತಿದೆ (ಮತ್ತಾಯ 12:43-45). ಮಕ್ಕಳ ಕೈಯಿಂದ ಫೋನು ಕಿತ್ತುಕೊಂಡು ಬದಲಿಗೆ ಏನನ್ನೂ ಕೊಡದ ಮನೆಯ ಸ್ಥಿತಿಯೂ ಅದೇ. ಸತ್ಯವಾದುದು, ಪರಿಶುದ್ಧವಾದುದು, ಪ್ರೀತಿಗೆ ಯೋಗ್ಯವಾದುದು ಮನಸ್ಸನ್ನು ತುಂಬಲಿ ಎಂಬುದೇ ಸಂತ ಪೌಲರ ಬುದ್ಧಿವಾದ (ಫಿಲಿಪ್ಪಿಯರಿಗೆ 4:8). ಒಟ್ಟಿಗೆ ಊಟ, ಜಪಸರ, ಒಂದು ಒಳ್ಳೆಯ ಪುಸ್ತಕ, ಮಕ್ಕಳ ಮಾತಿಗೆ ಕಿವಿಗೊಡುವ ಹದಿನೈದು ನಿಮಿಷ: ಮನೆ ತುಂಬುವುದು ಇವುಗಳಿಂದಲೇ. ತಂದೆತಾಯಿಯರೇ, ನೀವು ಫೋನು ಕೆಳಗಿಡದೆ ಮಕ್ಕಳಿಗೆ ಇಡು ಎಂದರೆ ಅವರು ಕೇಳುವುದು ನಿಮ್ಮ ಮಾತನ್ನಲ್ಲ, ನೋಡುವುದು ನಿಮ್ಮ ಕೈಯನ್ನು.

ಈ ವಾರ ರಾತ್ರಿ ಪ್ರಾರ್ಥನೆಯ ನಂತರ ಮನೆಮಂದಿ ಈ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ:

1. ಇಂದು ನೋಡಿದ, ಕೇಳಿದ ವಿಷಯ ನನ್ನಲ್ಲಿ ಶಾಂತಿಯನ್ನು ಉಳಿಸಿತೇ, ಕಹಿಯನ್ನೇ?

2. ಯಾರ ಬಗ್ಗೆಯಾದರೂ ಬಂದ ಸುದ್ದಿಯನ್ನು ವಿಚಾರಿಸದೆ ನಂಬಿದೆನೇ, ಮುಂದಕ್ಕೆ ಕಳುಹಿಸಿದೆನೇ?

3. ನಾಳೆ ನನ್ನ ಮನಸ್ಸಿಗೆ ಯಾವ ಒಳ್ಳೆಯದನ್ನು ಉಣಿಸುವೆ?

ಪ್ರಾರ್ಥನೆ: ಪ್ರಭುವೇ, ನಮ್ಮ ಕಣ್ಣನ್ನು ತಿಳಿಯಾಗಿಸಿರಿ. ಅಪರಿಚಿತರಲ್ಲಿ ಕಳ್ಳನನ್ನು ಕಾಣುವ ಮೊದಲು ಸೋದರನನ್ನು ಕಾಣುವಂತೆ ಮಾಡಿರಿ. ಆಮೆನ್.